ಬಿಗ್ ಇಯರ್‌ನ ಕೊನೆಯ ಓಟ: ಡಿಸೆಂಬರ್ 31ರೊಳಗೆ ಎಲ್ಲಿಗೆ ಮೊದಲು ಹೋಗಲಿ?

ತುಂಗಭದ್ರೆಯ ದಡ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಕರ್ನಾಟಕದ ಗಡಿಯೊಳಗೆ ಮಾತ್ರ ಅಂತ ಗೆರೆ ಹಾಕಿಕೊಂಡು ಬಿಗ್ ಇಯರ್ ಮಾಡುತ್ತಿದ್ದೇನೆ. ಜನವರಿ 1ರಿಂದ ಡಿಸೆಂಬರ್ 31ರ ತನಕ ಎಷ್ಟು ಜಾತಿಯ ಹಕ್ಕಿ ಸಿಗುತ್ತವೋ ಅಷ್ಟು. ಗುರಿ 400. ನವೆಂಬರ್ ಮುಗಿಯುತ್ತಾ ಬಂತು, ಇನ್ನೂ ಇಪ್ಪತ್ತರ ಆಸುಪಾಸು ಬಾಕಿ ಇವೆ.

ವರ್ಷದ ಮೊದಲೆರಡು ತಿಂಗಳು ಮನೆಯಲ್ಲಿ ತಂಗಿಯ ಮದುವೆ ಓಡಾಟ. ಹಾಗಾಗಿ ಚಳಿಗಾಲದ ವಲಸೆ ಹಕ್ಕಿಗಳೇ ಜಾಸ್ತಿ ಉಳಿದಿವೆ. ಪಟ್ಟೆತಲೆ ಹೆಬ್ಬಾತು ಆಗಿಲ್ಲ. ಹ್ಯಾರಿಯರ್ ಅನ್ನುವ ಬೇಟೆಹಕ್ಕಿಗಳಲ್ಲಿ ಜೌಗಿನದ್ದು ಬಿಟ್ಟರೆ ಪ್ಯಾಲಿಡ್, ಮಾಂಟೆಗ್ಯೂ ಎರಡೂ ಇಲ್ಲ. ಕರಾವಳಿಯ ಗಲ್‌ಗಳು, ಗೊರವಗಳು ಅರ್ಧಕ್ಕರ್ಧ ಬಾಕಿ. ನಿವಾಸಿಗಳಲ್ಲಿ ಪೇಂಟೆಡ್ ಸ್ಯಾಂಡ್‌ಗ್ರೌಸ್, ಹಳದಿ ಕತ್ತಿನ ಪಿಕಳಾರ, ಕೊಂಬಿನ ಗೂಬೆ, ಕಪ್ಪೆಬಾಯಿ ಹಕ್ಕಿ, ಕೊಡಗಿನ ಬಾಣಾಸುರ ಲಾಫಿಂಗ್ ಥ್ರಷ್. ಎರೆಭೂತವೂ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಇಲ್ಲ.

ನನ್ನದು ಸರ್ಕಾರಿ ಕೆಲಸ. ಉಳಿದ ಸಿಎಲ್ ಡಿಸೆಂಬರ್ ಕಳೆದರೆ ಹೋದಂತೆಯೇ. ಅದರ ಜೊತೆ ಎರಡನೇ ಶನಿವಾರ, ನಾಲ್ಕನೇ ಶನಿವಾರ, ಕ್ರಿಸ್‌ಮಸ್. ಕಾರಿಲ್ಲ. ಬಸ್ಸು, ಟ್ರೈನು, ಹೋದಲ್ಲಿ ಬಾಡಿಗೆ ಬೈಕು.

ನನ್ನ ಪ್ರಶ್ನೆ ಇಷ್ಟೇ. ವಾಟ್ಸಾಪ್ ಗುಂಪುಗಳಲ್ಲಿ ದಿನಾ ಒಂದೊಂದು ಅಪರೂಪದ ಹಕ್ಕಿಯ ಸುದ್ದಿ ಬರುತ್ತದೆ. ಅದರ ಹಿಂದೆ ಓಡಲಾ? ಇಲ್ಲಾ ಒಂದು ಯೋಜನೆ ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಲಾ?

ಹಳೇ ದುರ್ಬೀನು, ಮೈಸೂರು

ಯೋಜನೆಗೇ ಅಂಟಿಕೊಳ್ಳಿ. ಆದರೆ ಯೋಜನೆಯನ್ನು ಊರಿನ ಲೆಕ್ಕದಲ್ಲಿ ಮಾಡಬೇಡಿ, ಹಕ್ಕಿಯ ಕ್ಯಾಲೆಂಡರ್ ಲೆಕ್ಕದಲ್ಲಿ ಮಾಡಿ. ಕೊನೆಯ ಐದಾರು ವಾರದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಹತ್ತಿರ ಇದೆ ಅಂತ ಒಂದು ಕಡೆ ಹೋಗುತ್ತಾರೆ, ಅಲ್ಲಿರುವುದು ಫೆಬ್ರವರಿ ತನಕ ಇರುವ ಹಕ್ಕಿ. ಅಷ್ಟರಲ್ಲಿ ಹಾದುಹೋಗುವ ಹಕ್ಕಿ ಹಾದುಹೋಗಿಬಿಟ್ಟಿರುತ್ತದೆ.

ನಿಮ್ಮ ಪಟ್ಟಿಯಲ್ಲಿ ಬರೆಯದೇ ಬಿಟ್ಟ ಒಂದು ಹೆಸರಿದೆ ಅನ್ನಿಸುತ್ತೆ. ಅಮೂರ್ ಫಾಲ್ಕನ್ ಆಗಿದೆಯಾ? ಆಗಿಲ್ಲದಿದ್ದರೆ ಮೊದಲು ಅದೇ. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಹೊರಟು, ನಾಗಾಲ್ಯಾಂಡಿನ ದೊಯಾಂಗ್ ಸುತ್ತ ತಂಗಿ, ಆಮೇಲೆ ನಮ್ಮ ಪರ್ಯಾಯ ದ್ವೀಪ ದಾಟಿ, ಅರಬ್ಬೀ ಸಮುದ್ರದ ಮೇಲೆ ಹಾರಿ ಆಫ್ರಿಕಾದ ದಕ್ಷಿಣಕ್ಕೆ ಹೋಗುವ ಪುಟ್ಟ ಚಾಣ ಅದು. ನಮ್ಮಲ್ಲಿ ಕಾಣುವುದು ನವೆಂಬರ್ ಕೊನೆ, ಡಿಸೆಂಬರ್ ಮೊದಲರ್ಧ. ಕ್ರಿಸ್‌ಮಸ್ ರಜೆಗೆ ಇಟ್ಟುಕೊಂಡರೆ ಕೈತಪ್ಪುತ್ತದೆ.

ಹೆಬ್ಬಾತುಗಳದ್ದು ಇದಕ್ಕೆ ಉಲ್ಟಾ. ಅವು ಈಗಷ್ಟೇ ಬರುತ್ತಿವೆ. ತಡವಾಗಿ ಹೋದಷ್ಟೂ ಸಿಗುವ ಖಾತ್ರಿ ಜಾಸ್ತಿ. ಅದನ್ನು ತಿಂಗಳ ಕೊನೆಗೆ ತಳ್ಳಿ, ತಲೆ ಕೆಡಿಸಿಕೊಳ್ಳಬೇಡಿ. ಪಿಕಳಾರ, ಸ್ಯಾಂಡ್‌ಗ್ರೌಸ್, ಗೂಬೆ ಇವೆಲ್ಲ ಎಲ್ಲೂ ಹೋಗುವುದಿಲ್ಲ. ದಾರಿಯಲ್ಲಿ ಸಿಕ್ಕಾಗ ಮಾಡಿಕೊಳ್ಳಿ, ಅದಕ್ಕಾಗಿಯೇ ಒಂದು ಸಿಎಲ್ ಸುಡಬೇಡಿ.

ಇನ್ನೊಂದು ಮಾತು. ಹಕ್ಕಿ ದಾಖಲಿಸುವ ಜಾಲತಾಣ ಈ-ಬರ್ಡ್‌ನಲ್ಲಿ ‘ಟಾರ್ಗೆಟ್ ಸ್ಪೀಶೀಸ್’ ಅಂತ ಇದೆಯಲ್ಲ, ಅದರಲ್ಲಿ ಜಿಲ್ಲೆ ಮತ್ತು ಡಿಸೆಂಬರ್ ತಿಂಗಳು ಆರಿಸಿ. ಈ ವರ್ಷ ನಿಮಗೆ ಬಾಕಿ ಇರುವ ಹಕ್ಕಿಗಳು ಆ ಜಿಲ್ಲೆಯಲ್ಲಿ ಆ ತಿಂಗಳು ಎಷ್ಟು ಸಲ ದಾಖಲಾಗಿವೆ ಅಂತ ಕ್ರಮವಾಗಿ ತೋರಿಸುತ್ತದೆ. ಯಾವ ಜಿಲ್ಲೆಗೆ ಒಂದು ದಿನ ಕೊಟ್ಟರೆ ಎಷ್ಟು ಹೊಸದು ಸಿಕ್ಕೀತು ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತೆ. ವಾಟ್ಸಾಪ್ ಗುಂಪಿಗಿಂತ ಅದನ್ನೇ ಜಾಸ್ತಿ ನಂಬಿ.

ಹುಲ್ಲುಗಾವಲು, ಬೆಂಗಳೂರು

ಹಳೇ ದುರ್ಬೀನು ಸರ್, ನಿಮ್ಮ ಮಾತನ್ನು ಗೌರವದಿಂದಲೇ ಒಪ್ಪುವುದಿಲ್ಲ. ಇಪ್ಪತ್ತು ಬಾಕಿ ಅಂದರೆ ಬರೀ ಖಾತ್ರಿ ಹಕ್ಕಿಗಳಿಂದ ತುಂಬುವುದು ಕಷ್ಟ. ಒಂದೆರಡು ಕೈಕೊಡುತ್ತವೆ, ಕೊಟ್ಟೇ ಕೊಡುತ್ತವೆ. ಆಗ ಆ ಜಾಗ ತುಂಬುವುದು ಅಪರೂಪದ ಹಕ್ಕಿಯೇ. ಹೆಸರಘಟ್ಟದ ಹುಲ್ಲುಗಾವಲಲ್ಲಿ ಪ್ರತಿ ಚಳಿಗಾಲ ಏನಾದರೊಂದು ಅನಿರೀಕ್ಷಿತ ಬೇಟೆಹಕ್ಕಿ ಬಂದು ಕೂರುತ್ತದೆ. ನಂದಿಬೆಟ್ಟದಲ್ಲೂ ಅಷ್ಟೇ.

ನಂದಿಯಂತೂ ನಿಮಗೆ ಬೇಕೇಬೇಕು. ಹಿಮಾಲಯದಿಂದ ಇಳಿದ ಬ್ಲೂ-ಕ್ಯಾಪ್ಡ್ ರಾಕ್ ಥ್ರಷ್, ಇಂಡಿಯನ್ ಬ್ಲೂ ರಾಬಿನ್, ನೊಣಹಿಡುಕಗಳು, ಎಲೆ ಉಲಿಯಕ್ಕಿಗಳು. ಬಯಲುಸೀಮೆಯ ನಡುವೆ ನಿಂತಿದ್ದರೂ ಅಲ್ಲಿ ನೀಲಗಿರಿ ಕಾಡುಪಾರಿವಾಳ ಸಿಗುತ್ತದೆ. ಬಂಡೆಗಳ ಕಡೆ ನಿಮ್ಮ ಹಳದಿ ಕತ್ತಿನ ಪಿಕಳಾರವೂ ಅಲ್ಲೇ. ಶನಿವಾರ, ಭಾನುವಾರ ಮಾತ್ರ ಬೇಡ. ಸೂರ್ಯೋದಯ ನೋಡುವವರ ಬೈಕುಗಳ ಸಾಲು ಬೆಟ್ಟದ ಬುಡದ ತನಕ ಇರುತ್ತದೆ. ಒಂದು ಸಿಎಲ್ ಅನ್ನು ಮಂಗಳವಾರ ಅಥವಾ ಬುಧವಾರ ಹಾಕಿ. ಬೆಳಿಗ್ಗೆ ಮಂಜು ಕರಗುವ ತನಕ ನರ್ಸರಿ ಸುತ್ತಮುತ್ತ ಸುಮ್ನೆ ಒಂದು ಕಡೆ ಕೂರಿ. ಥ್ರಷ್‌ಗಳು ನೆಲದ ತರಗೆಲೆ ಕೆದಕಲು ತಾವಾಗಿ ಬರುತ್ತವೆ.

ಹಳೇ ದುರ್ಬೀನು, ಮೈಸೂರು

ನಂದಿಯ ವಿಷಯ ಪೂರ್ತಿ ಒಪ್ಪಿದೆ. ಅಪರೂಪದ ಹಕ್ಕಿಗೂ ನನ್ನ ವಿರೋಧ ಇಲ್ಲ. ದಾರಿಯಲ್ಲೇ ಇದ್ದರೆ ಹೋಗಲಿ. ದಾವಣಗೆರೆಯಿಂದ ಮಂಗಳೂರಿಗೆ ಒಂದೇ ಒಂದು ಹಕ್ಕಿಗೆ ರಾತ್ರಿ ಬಸ್ಸು ಹತ್ತುವುದು ಬೇಡ ಅಂದೆ. ಹೋಗುವಷ್ಟರಲ್ಲಿ ಅದು ಹಾರಿಹೋಗಿದ್ದರೆ ದಿನವೂ ಹೋಯಿತು, ಆ ದಿನದಲ್ಲಿ ಸಿಗಬಹುದಾಗಿದ್ದ ಐದು ಹಕ್ಕಿಯೂ ಹೋಯಿತು.

ಕಡಲತಡಿ, ಕುಮಟಾ

ನಮ್ಮ ಕಡೆ ಬನ್ನಿ ಸರ್. ನಿಮ್ಮ ಲೆಕ್ಕದಲ್ಲಿ ಅತಿ ಹೆಚ್ಚು ಹಕ್ಕಿ ಒಂದೇ ಪ್ರವಾಸದಲ್ಲಿ ಸಿಗುವುದು ಕರಾವಳಿಯಲ್ಲೇ.

ಅಘನಾಶಿನಿ ಅಳಿವೆಗೆ ಒಂದು ಪೂರ್ತಿ ದಿನ ಇಡಿ. 2024ರಲ್ಲಿ ಇದಕ್ಕೆ ರಾಮ್ಸರ್ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಮಾನ್ಯತೆ ಸಿಕ್ಕಿತು, ಗದಗದ ಮಾಗಡಿ ಕೆರೆ ಮತ್ತು ಅಂಕಸಮುದ್ರದ ಜೊತೆಗೇ. ಅಣೆಕಟ್ಟಿಲ್ಲದ ನದಿ, ಅದಕ್ಕೇ ಅಳಿವೆಯ ಕೆಸರು ಇನ್ನೂ ಜೀವಂತ. ಬಳಚು ಹೆಕ್ಕುವವರು ಇಳಿತದ ಹೊತ್ತಿಗೆ ನೀರಿಗಿಳಿಯುತ್ತಾರೆ. ಹಕ್ಕಿಗಳೂ ಆಗಲೇ ಮೇಯುತ್ತವೆ. ಆದರೆ ನೀವು ಆ ಹೊತ್ತಿಗೆ ಬಂದರೆ ಕಷ್ಟ. ಕೆಸರು ಬಯಲು ಅಷ್ಟಗಲ ಹರಡಿರುತ್ತೆ, ಹಕ್ಕಿಗಳೆಲ್ಲ ದೂರದ ಚುಕ್ಕಿ. ಭರತ ಏರುವಾಗ ಬನ್ನಿ. ಪೂರ್ತಿ ತುಂಬುವ ಎರಡು ಗಂಟೆ ಮೊದಲು ನಿಂತುಕೊಂಡರೆ ನೀರು ಇಂಚಿಂಚೇ ಅವನ್ನು ನಿಮ್ಮ ಕಡೆ ತಳ್ಳುತ್ತಾ ಬರುತ್ತದೆ. ಟೆರೆಕ್ ಸ್ಯಾಂಡ್‌ಪೈಪರ್‌ನ ಮೇಲಕ್ಕೆ ಬಾಗಿದ ಕೊಕ್ಕು, ಹಳದಿ ಕಾಲು ಬರಿಗಣ್ಣಿಗೇ ಕಾಣುವಷ್ಟು ಹತ್ತಿರ. ವಿಂಬ್ರೆಲ್, ಕರ್ಲ್ಯೂ ಎರಡೂ ಪಕ್ಕಪಕ್ಕ ಸಿಕ್ಕರೆ ತಲೆಯ ಪಟ್ಟೆ ಹೋಲಿಸಿ ನೋಡಬಹುದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ಭರತ ಜೋರು. ಆಗ ಗೊರವಗಳು ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ಗದ್ದೆ) ಬದುಗಳ ಮೇಲೆ ಒತ್ತಾಗಿ ಕೂರುತ್ತವೆ, ಎಣಿಸುವುದೂ ಸುಲಭ.

ಗಲ್‌ಗಳಿಗೆ ಮೀನು ಇಳಿಸುವ ಬಂದರೇ ಸರಿ. ಮಲ್ಪೆಯಲ್ಲಿ ಬೆಳಿಗ್ಗೆ ಬೋಟು ಬರುವ ಹೊತ್ತಿಗೆ ಹೋಗಿ. ಪಲ್ಲಾಸ್ ಗಲ್ ಚಳಿಗಾಲದಲ್ಲಿ ಕಪ್ಪು ತಲೆ ಇಟ್ಟುಕೊಂಡಿರಲ್ಲ. ಗಾತ್ರ ನೋಡಿ, ಎಲ್ಲಕ್ಕಿಂತ ದೊಡ್ಡದು ಅದೇ. ಕಣ್ಣಿನ ಸುತ್ತ ಕಪ್ಪು ಮಸಿ ಬಳಿದ ಹಾಗಿರುತ್ತೆ. ರೀವಗಳಲ್ಲಿ (ಟರ್ನ್) ಲೆಸ್ಸರ್ ಕ್ರೆಸ್ಟೆಡ್, ಗ್ರೇಟರ್ ಕ್ರೆಸ್ಟೆಡ್, ಸ್ಯಾಂಡ್‌ವಿಚ್ ಮೂರನ್ನೂ ಕೊಕ್ಕಿನ ಬಣ್ಣದಿಂದಲೇ ಬೇರೆ ಮಾಡಬಹುದು: ಕಿತ್ತಳೆ, ಹಳದಿ, ಕಪ್ಪಿನ ತುದಿಗೆ ಹಳದಿ.

ಆಳ ಸಮುದ್ರದ ಹಕ್ಕಿಗಳ ಆಸೆ ಇದ್ದರೆ ಒಂದು ಮಾತು. ಸ್ಟಾರ್ಮ್ ಪೆಟ್ರೆಲ್‌ಗಳ ಕಾಲ ಮಳೆಗಾಲ ಮತ್ತು ಅದರ ಬೆನ್ನಿಗೆ. ಡಿಸೆಂಬರ್‌ನಲ್ಲಿ ಅದಕ್ಕಾಗಿ ದೋಣಿಗೆ ದುಡ್ಡು ಹಾಕಬೇಡಿ. ಗಲ್‌ಗಳ ಬಾಯಿಂದ ಮೀನು ಕಿತ್ತುಕೊಳ್ಳುವ ಸ್ಕುವಾ ಸಿಕ್ಕರೂ ಸಿಗಬಹುದು, ಅಷ್ಟೇ.

ಅಮೂರ್ ಬಗ್ಗೆ: ಕರಾವಳಿಯ ಕೆಂಪುಕಲ್ಲಿನ ಬೋಳು ದಿಬ್ಬಗಳ ಮೇಲೆ ಆಕಾಶ ನೋಡುತ್ತಾ ನಿಲ್ಲಿ. ಏರೋಪ್ಲೇನ್ ಚಿಟ್ಟೆಗಳು ರಾಶಿ ರಾಶಿ ಹಾರುತ್ತಿದ್ದರೆ ಕಣ್ಣು ತೆಗೆಯಬೇಡಿ. ಅವೂ ಇದೇ ಸಮಯಕ್ಕೆ ಇದೇ ಗಾಳಿ ಹಿಡಿದು ಸಮುದ್ರ ದಾಟುತ್ತವೆ, ಚಾಣಗಳಿಗೆ ದಾರಿಯ ಊಟ ಅದೇ ಅನ್ನುವ ವಾದವೂ ಇದೆ. ಗಂಡು ಬೂದು ಬಣ್ಣ, ತೊಡೆ ಇಟ್ಟಿಗೆ ಕೆಂಪು, ರೆಕ್ಕೆ ಎತ್ತಿದಾಗ ಒಳಗೆ ಬೆಳ್ಳಗೆ ಹೊಳೆಯುತ್ತೆ.

ತುಂಗಭದ್ರೆಯ ದಡ, ದಾವಣಗೆರೆ

ಅಮೂರ್ ಆಗಿಲ್ಲ ಸರ್, ಪಟ್ಟಿಗೆ ಸೇರಿಸಿಕೊಂಡೆ. ಉತ್ತರದ ಕಡೆ ಯಾರಾದರೂ ಇದ್ದರೆ ಹೇಳಿ. ಎರೆಭೂತಕ್ಕೆ ಸಿರುಗುಪ್ಪ ಕಡೆ ಯಾರನ್ನು ಹಿಡಿಯಬೇಕು?

ಎರೆ ಹೊಲ, ಹೊಸಪೇಟೆ

ನಮಸ್ಕಾರ್ರಿ. ಮೊದಲು ಆ ಎರೆಭೂತದ ಮಾತು ಮುಗಿಸಿಬಿಡೋಣ. ಅದನ್ನು ನಿಮ್ಮ ಪಟ್ಟಿಯಿಂದ ತೆಗೆದುಬಿಡಿ. ಕೈಮುಗಿದು ಕೇಳುತ್ತೇನೆ.

ಇಡೀ ದೇಶದಲ್ಲೇ 150ರ ಆಸುಪಾಸು ಉಳಿದಿವೆ ಅನ್ನುವ ಹಕ್ಕಿ. ನಮ್ಮ ಸಿರುಗುಪ್ಪದ ಹೊಲಗಳಲ್ಲಿ ಇರುವುದು ಬೆರಳೆಣಿಕೆ. ರಾಣೆಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯ ಆದಾಗ ಅಲ್ಲಿ ಕೃಷ್ಣಮೃಗದ ಜೊತೆ ಇದೂ ಇತ್ತು. ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ನೆಟ್ಟರು. ಬಯಲು ಬೇಕಾದ ಹಕ್ಕಿ ಮರಗಳ ನಡುವೆ ಹೇಗೆ ಇರುತ್ತದೆ? ಇವತ್ತು ಅಲ್ಲಿ ಎರೆಭೂತ ಇಲ್ಲ. ನಿಮ್ಮ ಮನೆಯಿಂದ ಒಂದು ಗಂಟೆ ದೂರದ ಊರಿನ ಕಥೆ ಇದು.

ಇರುವ ಒಂದೆರಡರ ಹಿಂದೆ ಬೈಕಲ್ಲಿ, ಕಾರಲ್ಲಿ ಹೋದರೆ ಅದು ಮೇವು ಬಿಟ್ಟು ಹಾರುತ್ತೆ. ಭಾರದ ಹಕ್ಕಿ, ಮುಂದೆ ನೋಡುವ ದೃಷ್ಟಿ ಕಡಿಮೆ, ವಿದ್ಯುತ್ ತಂತಿಗೆ ಬಡಿಯುತ್ತೆ. ಒಂದು ಹಕ್ಕಿ ಹೋದರೆ ಇಲ್ಲಿ ಎಲ್ಲ ಹೋದ ಹಾಗೆಯೇ. ಈ-ಬರ್ಡ್‌ನಲ್ಲೂ ಅದು ಇರುವ ಜಾಗ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟಿದ್ದಾರೆ. ಜಾಗ ಗೊತ್ತಿರುವ ರೈತರು ಇದ್ದಾರೆ, ನನಗೂ ಗೊತ್ತಿದೆ. ಹೇಳುವುದಿಲ್ಲ. ನಿಮ್ಮ ಮೇಲೆ ಬೇಸರದಿಂದ ಅಲ್ಲ.

ಉಳಿದದ್ದಕ್ಕೆ ಖಂಡಿತ ಬನ್ನಿ. ದರೋಜಿ ಕರಡಿಧಾಮದ ಸುತ್ತಲಿನ ಬಂಡೆ ಗುಡ್ಡಗಳಲ್ಲಿ ಹಳದಿ ಕತ್ತಿನ ಪಿಕಳಾರ, ಪೇಂಟೆಡ್ ಸ್ಪರ್‌ಫೌಲ್ ಎರಡೂ ಇವೆ. ಹಂಪಿಯ ಹೊಳೆ ದಂಡೆಯ ಬಂಡೆಗಳಲ್ಲಿ ಕೊಂಬಿನ ಗೂಬೆ. ಮಧ್ಯಾಹ್ನ ಬಂಡೆಯ ಸಂದಿ ಸಂದಿ ದುರ್ಬೀನಿನಲ್ಲಿ ನಿಧಾನಕ್ಕೆ ಹುಡುಕಿ, ಕಿತ್ತಳೆ ಕಣ್ಣು ತೆರೆದಾಗಷ್ಟೇ ಗೊತ್ತಾಗುತ್ತೆ. ಪೇಂಟೆಡ್ ಸ್ಯಾಂಡ್‌ಗ್ರೌಸ್ ಬೇರೆ ಸ್ಯಾಂಡ್‌ಗ್ರೌಸ್ ಹಾಗೆ ಬೆಳಿಗ್ಗೆ ಬಿಸಿಲೇರಿದ ಮೇಲೆ ನೀರಿಗೆ ಬರಲ್ಲ. ಹೊತ್ತು ಮುಳುಗಿ ಕತ್ತಲಾಗುವ ನಡುವಿನ ಹೊತ್ತು ಅದರದ್ದು. ಕರಡಿಧಾಮದೊಳಗೆ ಆ ಹೊತ್ತಿಗೆ ಇರಲು ಬಿಡಲ್ಲ, ಇರಲೂಬಾರದು. ಹೊರಗಿನ ಹಳ್ಳಿಯ ಕುಂಟೆಗಳ ಹತ್ತಿರ ಕೂರೋಣ, ನಾನೂ ಬರುತ್ತೇನೆ.

ಹೆಬ್ಬಾತಿಗೆ ಲಕ್ಷ್ಮೇಶ್ವರ ಹತ್ತಿರದ ಮಾಗಡಿ ಕೆರೆ. ಬೆಳಿಗ್ಗೆ ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲೇರಿದ ಮೇಲೆ ಗುಂಪು ಗುಂಪಾಗಿ ಕೆರೆಗೆ ಇಳಿಯುತ್ತವೆ. ಅವಸರದಲ್ಲಿ ಬೆಳಿಗ್ಗೆ ಆರಕ್ಕೇ ಬಂದು, ಖಾಲಿ ಕೆರೆ ನೋಡಿ ವಾಪಸ್ ಹೋಗುವವರು ಇದ್ದಾರೆ. ಹತ್ತು ಗಂಟೆ ತನಕ ಕಾಯಿರಿ. ಇಳಿಯುವಾಗ ಕೆಲವು ಗಾಳಿಯಲ್ಲೇ ಮೈಯನ್ನು ಮಗುಚಿ, ಹೊಟ್ಟೆ ಮೇಲೆ ಮಾಡಿ, ಸರಕ್ಕನೆ ಎತ್ತರ ಕಳೆದುಕೊಂಡು ನೀರಿಗೆ ಬೀಳುತ್ತವೆ. ಹಿಮಾಲಯ ದಾಟಿ ಬಂದ ರೆಕ್ಕೆಗಳು ಅವು. ಅದೊಂದನ್ನು ನೋಡಲಿಕ್ಕೇ ನಾನು ಪ್ರತಿ ವರ್ಷ ಹೋಗುತ್ತೇನೆ.

ತುಂಗಭದ್ರೆಯ ದಡ, ದಾವಣಗೆರೆ

ಎರೆಭೂತ ತೆಗೆದೆ ಅಣ್ಣ. ಇನ್ನು ಕೇಳುವುದಿಲ್ಲ.

ಮೊದಲ ವರ್ಷ, ಹಾಸನ

ನಾನು ಹೊಸಬಳು, ನಡುವೆ ಬಾಯಿ ಹಾಕುತ್ತಿದ್ದೇನೆ. ಹ್ಯಾರಿಯರ್ ಗಂಡುಗಳು ಸರಿ, ಹೆಣ್ಣು ಮತ್ತು ಮರಿಗಳಲ್ಲಿ ಪ್ಯಾಲಿಡ್ ಯಾವುದು, ಮಾಂಟೆಗ್ಯೂ ಯಾವುದು? ಪುಸ್ತಕ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗುರುತಿಸದಿದ್ದರೆ ಲೆಕ್ಕಕ್ಕೆ ಬರಲ್ಲ, ಅಲ್ವಾ?

ಅಮೃತಮಹಲ್, ಕಡೂರು

ಒಳ್ಳೆ ಪ್ರಶ್ನೆ ಅಕ್ಕ. ಬಿಗ್ ಇಯರ್ ಮಾಡುವವರಿಗೂ ಇದು ಬೇಕು.

ಕುತ್ತಿಗೆ ನೋಡಿ. ಪ್ಯಾಲಿಡ್ ಮರಿಗೆ ಕೆನ್ನೆಯ ಕಪ್ಪು ಮಚ್ಚೆಯ ಹಿಂದೆ ತಿಳಿಬಣ್ಣದ ಪಟ್ಟಿ ಸ್ಪಷ್ಟವಾಗಿ ಸುತ್ತಿರುತ್ತೆ, ಅದರ ಹಿಂದೆ ಕತ್ತಿನ ಪಕ್ಕ ಮತ್ತೆ ಗಾಢ ಕಂದು. ಮಾಂಟೆಗ್ಯೂಗೆ ಆ ಪಟ್ಟಿ ಇರಲ್ಲ, ಇದ್ದರೂ ಮಸುಕು. ಕಣ್ಣಿನ ಸುತ್ತ ಬಿಳಿ ಮಾತ್ರ ಜಾಸ್ತಿ ಕಾಣುತ್ತೆ. ಹೆಣ್ಣಾದರೆ ರೆಕ್ಕೆಯ ಅಡಿಭಾಗ. ಒಳಗರಿಗಳ ಸಾಲು ಪ್ಯಾಲಿಡ್‌ನಲ್ಲಿ ಮಬ್ಬು ಕಪ್ಪು, ಮಾಂಟೆಗ್ಯೂನಲ್ಲಿ ಪಟ್ಟೆಗಳು ಬಿಡಿಬಿಡಿ. ಫೋಟೋ ತೆಗೆದಿಟ್ಟುಕೊಳ್ಳಿ. ಅನುಮಾನ ಇದ್ದರೆ ಈ-ಬರ್ಡ್‌ನಲ್ಲಿ ‘ಪ್ಯಾಲಿಡ್/ಮಾಂಟೆಗ್ಯೂ’ ಅಂತಲೇ ಹಾಕಬಹುದು. ಆದರೆ ಅದು ಜಾತಿ ಲೆಕ್ಕಕ್ಕೆ ಸೇರುವುದಿಲ್ಲ.

ದಾವಣಗೆರೆಯವರಿಗೆ: ನಮ್ಮ ಬಾಸೂರು ಕಾವಲಿಗೆ ಸಂಜೆ ಬನ್ನಿ. ಹಗಲಿಡೀ ಹೊಲಗಳ ಮೇಲೆ ಮಿಡತೆ ಹಿಡಿಯುತ್ತಾ ಚದುರಿರುವ ಹ್ಯಾರಿಯರ್‌ಗಳು ಸೂರ್ಯ ಮುಳುಗುವ ಮುಂಚೆ ಒಂದೊಂದಾಗಿ ಹುಲ್ಲಿಗೆ ಬರುತ್ತವೆ. ತಕ್ಷಣ ಕೂರಲ್ಲ. ಮೊಣಕಾಲೆತ್ತರದಲ್ಲಿ ಹುಲ್ಲಿನ ಮೇಲೆ ತೇಲಿಕೊಂಡು ಸುತ್ತು ಹಾಕುತ್ತವೆ, ಇಳಿಯುತ್ತವೆ, ಮತ್ತೆ ಏಳುತ್ತವೆ. ಕೊನೆಗೆ ನೆಲದ ಮೇಲೆಯೇ ಮಲಗುತ್ತವೆ, ಮರದ ಮೇಲಲ್ಲ. ಅದಕ್ಕೇ ಹುಲ್ಲಿನೊಳಗೆ ಒಂದು ಹೆಜ್ಜೆಯೂ ಇಡಬೇಡಿ. ಅರಣ್ಯ ಇಲಾಖೆಗೆ ಮೊದಲೇ ಹೇಳಿ, ಅಂಚಿನಲ್ಲಿ ನಿಂತು ನೋಡಿ. ಸೂರ್ಯನಿಗೆ ಬೆನ್ನು ಹಾಕಿ ನಿಂತರೆ ಗುರುತು ಹಿಡಿಯಲು ಬೆಳಕು ಸಾಕಷ್ಟಿರುತ್ತೆ. ಹಗಲು ಅಲ್ಲೇ ಶಾರ್ಟ್-ಟೋಡ್ ಲಾರ್ಕ್ ಗುಂಪುಗಳನ್ನೂ ಹುಡುಕಿ.

ಕಾಫಿ ತೋಟ, ಕೊಡಗು

ಬಾಣಾಸುರ ಲಾಫಿಂಗ್ ಥ್ರಷ್ ಬೇಕೆಂದರೆ ಬ್ರಹ್ಮಗಿರಿಯ ಎತ್ತರದ ಶೋಲಾ ಕಾಡು (ಹುಲ್ಲುಬೆಟ್ಟಗಳ ನಡುವಿನ ಕಣಿವೆ ಕಾಡು). ಕರ್ನಾಟಕದಲ್ಲಿ ಅದಕ್ಕೆ ಬೇರೆ ಜಾಗ ಇಲ್ಲ. ನೀಲಗಿರಿ ಬ್ಲೂ ರಾಬಿನ್ ಕೂಡ ಅಲ್ಲೇ ಇದೆ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಈಗಲೇ ನೋಡಿಕೊಳ್ಳಿ. ಹುತ್ತರಿ ಹಬ್ಬದ ದಿನಗಳಲ್ಲಿ ನಮ್ಮಲ್ಲಿ ಜೀಪು, ಜೊತೆಗೆ ಬರುವವರು ಇಬ್ಬರೂ ಸಿಗುವುದು ಕಷ್ಟ. ಹಬ್ಬ ಕಳೆದು ಬನ್ನಿ. ಕಾಡಿನೊಳಗೆ ರೆಕಾರ್ಡಿಂಗ್ ಹಾಕಿ ಕರೆಯಬೇಡಿ. ಅಷ್ಟು ಚಿಕ್ಕ ಜಾಗದಲ್ಲಿ ಬದುಕುವ ಹಕ್ಕಿ, ಬಂದವರೆಲ್ಲ ಕರೆದರೆ ಅದಕ್ಕೆ ಮೇಯಲು ಹೊತ್ತೆಲ್ಲಿ? ಬೆಳಿಗ್ಗೆ ಶೋಲಾದ ಅಂಚಿನಲ್ಲಿ ನಿಂತರೆ ಗುಂಪಾಗಿ ಹಣ್ಣು ತಿನ್ನಲು ತಾವೇ ಬರುತ್ತವೆ.

ಕಾಳಿ ಕಣಿವೆ, ಜೊಯಿಡಾ

ಕಪ್ಪೆಬಾಯಿ ಬಗ್ಗೆ ಯಾರೂ ಹೇಳಲಿಲ್ಲ. ಇದಕ್ಕೆ ಬಿಗ್ ಇಯರ್ ಚರಿತ್ರೆಯಲ್ಲೇ ಒಂದು ಜಾಗ ಇದೆ. ಅಮೆರಿಕದ ಪಕ್ಷಿವೀಕ್ಷಕ ನೋವಾ ಸ್ಟ್ರೈಕರ್ 2015ರಲ್ಲಿ ಇಡೀ ಜಗತ್ತು ಸುತ್ತಿ 6,042 ಜಾತಿ ನೋಡಿದರಲ್ಲ, ಅದುವರೆಗಿನ ದಾಖಲೆ ಮುರಿದ ಹಕ್ಕಿ ಕೇರಳದಲ್ಲಿ ಸಿಕ್ಕ ಇದೇ ಶ್ರೀಲಂಕಾ ಫ್ರಾಗ್‌ಮೌತ್.

ಗಣೇಶಗುಡಿ, ಕುಳಗಿ ಸುತ್ತ ಸಿಗುತ್ತದೆ. ಹಗಲಿನಲ್ಲಿ ಜೋಡಿಯಾಗಿ ಒಂದೇ ಕೊಂಬೆಗೆ ಒರಗಿ, ಒಣಗಿದ ಎಲೆ ಹಾಗೆ ಕೂತಿರುತ್ತೆ. ಎಷ್ಟೋ ದಿನ ಅದೇ ಕೊಂಬೆ. ಅದೇ ಅದರ ಕಷ್ಟ. ಒಮ್ಮೆ ಜಾಗ ಗೊತ್ತಾದರೆ ಕ್ಯಾಮೆರಾಗಳ ಸಾಲು ನಿಲ್ಲುತ್ತೆ, ಎಲೆ ಸರಿಸುತ್ತಾರೆ, ಫ್ಲ್ಯಾಶ್ ಹೊಡೆಯುತ್ತಾರೆ, ಹಕ್ಕಿ ಜಾಗ ಬಿಟ್ಟು ಹೋಗುತ್ತೆ. ನಿಮಗೆ ಫೋಟೋ ಬೇಕಾ, ಲೆಕ್ಕ ಬೇಕಾ? ಲೆಕ್ಕ ಸಾಕು ಅಂದರೆ ಮುಸ್ಸಂಜೆಗೆ ರಸ್ತೆ ಬದಿ ನಿಂತು ದನಿ ಕೇಳಿ. ಈ-ಬರ್ಡ್‌ನಲ್ಲಿ ಕೇಳಿ ಗುರುತಿಸಿದ ಹಕ್ಕಿಯೂ ಲೆಕ್ಕವೇ.

ಹುಲ್ಲುಗಾವಲು, ಬೆಂಗಳೂರು

ಬರೀ ದನಿಗೆ ಟಿಕ್ ಹಾಕುವುದು ನನ್ನ ಮನಸ್ಸಿಗೆ ಒಗ್ಗಲ್ಲ. ಕಣ್ಣಲ್ಲಿ ನೋಡಬೇಕು.

ಕಾಳಿ ಕಣಿವೆ, ಜೊಯಿಡಾ

ನೋಡಿ, ಬೇಡ ಅನ್ನಲ್ಲ. ಸ್ಥಳೀಯ ಗೈಡ್ ಜೊತೆ ಐದು ನಿಮಿಷ, ದೂರದಿಂದ, ಇಬ್ಬರೇ. ಆಮೇಲೆ ಜಾಗ ಯಾರಿಗೂ ಹೇಳದೆ ಹಿಂತಿರುಗಿ.

ತುಂಗಭದ್ರೆಯ ದಡ, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ರಾತ್ರಿ ಕೂತು ಹೊಂದಿಸಿದೆ. ಮೊದಲ ವಾರ ಬಾಬಾಬುಡನ್‌ಗಿರಿಯ ದಿಬ್ಬಗಳಲ್ಲಿ ಅಮೂರ್‌ಗೆ ಕಾಯುವುದು, ಇಳಿಯುವಾಗ ಸಂಜೆ ಬಾಸೂರು. ಆಮೇಲೆ ಸಿಎಲ್ ಹಾಕಿ ಕುಮಟಾ, ಜೊಯಿಡಾ ಒಟ್ಟಿಗೆ. ನಡುವೆ ಒಂದು ಬುಧವಾರ ನಂದಿ. ನಾಲ್ಕನೇ ಶನಿವಾರ, ಕ್ರಿಸ್‌ಮಸ್ ಸೇರಿಸಿ ಕೊಡಗು. ಕೊನೆಗೆ ಹೊಸಪೇಟೆ, ಮಾಗಡಿ. ಸರಿ ಕಾಣುತ್ತಾ?

ಅಮೃತಮಹಲ್, ಕಡೂರು

ಬಾಬಾಬುಡನ್‌ಗಿರಿ ದಿನಾಂಕ ಬದಲಿಸಿ. ಮಾರ್ಗಶಿರ ಹುಣ್ಣಿಮೆಗೆ ದತ್ತ ಜಯಂತಿ. ಆ ದಿನಗಳಲ್ಲಿ ಬೆಟ್ಟದ ರಸ್ತೆಗೆ ಪ್ರವಾಸಿಗರನ್ನು ಬಿಡಲ್ಲ, ದಾರಿಯುದ್ದ ಪೊಲೀಸ್ ಬಂದೋಬಸ್ತು. ಬಾಸೂರಿಗೆ ಬೇರೆ ದಿನ ಬನ್ನಿ, ದಾವಣಗೆರೆಯಿಂದ ಹೋಗಿಬರುವಷ್ಟೇ ದೂರ.

ಹಳೇ ದುರ್ಬೀನು, ಮೈಸೂರು

ಹಾಗಾದರೆ ಆ ಹುಣ್ಣಿಮೆಗೇ ಕರಾವಳಿ ಇಡಿ. ಭರತ ಜೋರಿರುವ ಹೊತ್ತು ಅಂತ ಕುಮಟಾದವರು ಹೇಳಿದ್ದಾರಲ್ಲ. ಅಮೂರ್‌ಗೂ ಅಲ್ಲಿಯ ದಿಬ್ಬಗಳೇ ಸಾಕು. ಒಂದು ಪ್ರವಾಸ ಉಳಿಯಿತು. ಅದನ್ನು ಕೊನೆಯ ವಾರಕ್ಕೆ ಖಾಲಿ ಬಿಟ್ಟುಕೊಳ್ಳಿ. ಹುಲ್ಲುಗಾವಲು ಅವರು ಹೇಳಿದ ಅಪರೂಪದ ಹಕ್ಕಿ ಆಗ ಬಂದರೆ ಹೋಗಿ, ಬರದಿದ್ದರೆ ತಪ್ಪಿಹೋದದ್ದನ್ನು ಮತ್ತೆ ಹುಡುಕಿ.

ಕಡಲತಡಿ, ಕುಮಟಾ

ಹುಣ್ಣಿಮೆಗೆ ಬರುವುದು ಖಾತ್ರಿಯಾದರೆ ದೋಣಿಯವರಿಗೆ ಈಗಲೇ ಹೇಳಿಡುತ್ತೇನೆ. ಭರತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದಕ್ಕೆ ಹೋಗುತ್ತೆ, ಅದಕ್ಕೆ ಮೊದಲ ದಿನ ಅಳಿವೆ, ಮರುದಿನ ದಿಬ್ಬ ಅಂತ ಇಟ್ಟುಕೊಳ್ಳೋಣ. ಶೂ ಬೇಡ, ಪಟ್ಟಿ ಇರುವ ರಬ್ಬರ್ ಚಪ್ಪಲಿ ತನ್ನಿ. ಬರಿಗಾಲಲ್ಲಿ ಇಳಿದರೆ ಬಳಚಿನ ಚಿಪ್ಪು ಅಂಗಾಲು ಕೊಯ್ಯುತ್ತೆ.